ಸಂಸತ್ತಿನ ಮೇಲೆ ಕಣ್ಣಿಡುವವರು: ಹ್ಯಾನ್ಸಾರ್ಡ್‌ನಿಂದ ಪಿಆರ್‌ಎಸ್‌ವರೆಗೆ, ಜೊತೆಗೆ ಆ ಹಾಜರಿ ಕಾಲಂ

ಶಿರಸಿ, ಕುಮಟಾ, ಕಾರವಾರದಲ್ಲಿ ಕೂತು ಕೆಎಎಸ್‌ಗೆ ಓದುತ್ತಿರುವ ನಮ್ಮ ಗುಂಪಿಗೆ ಈ ಟಿಪ್ಪಣಿ. ಕೋರಂ, ಶೂನ್ಯವೇಳೆ, ಮೂರು ವಾಚನ ಇವೆಲ್ಲ ಎಲ್ಲರಿಗೂ ಬಾಯಿಪಾಠ, ಹಾಗಾಗಿ ಬಿಟ್ಟಿದ್ದೇನೆ. ಪಾಠ್ಯಪುಸ್ತಕದಲ್ಲಿ ಒಂದು ಸಾಲಿನಲ್ಲಿ ಮುಗಿಯುವ ವಿಷಯ ಬೇರೆಯದು: ಸಂಸತ್ತಿನಲ್ಲಿ ಏನು ನಡೆಯುತ್ತದೆ ಎಂದು ಹೊರಗಿನವರು ಲೆಕ್ಕ ಇಡುವುದು ಯಾವಾಗ ಶುರುವಾಯಿತು, ಆ ಲೆಕ್ಕವನ್ನು ಓದುವುದು ಹೇಗೆ. ಜೊತೆಗೆ, ಸಂಸದರ ಕೆಲಸದ ಲೆಕ್ಕ ಕೊಡುವ ಪಿಆರ್‌ಎಸ್ ತಾಣದಲ್ಲಿ ಮಂತ್ರಿಗಳ ಹಾಜರಿ ಯಾಕೆ ಕಾಣುವುದಿಲ್ಲ ಎಂದು ಗುಂಪಿನಲ್ಲಿ ನಡೆದ ವಾದಕ್ಕೂ ಇಲ್ಲಿ ಉತ್ತರ ಇದೆ.

ಮೊದಲು ಬ್ರಿಟನ್

ಸದನದಲ್ಲಿ ಆಡಿದ ಮಾತನ್ನು ಹೊರಗೆ ಅಚ್ಚು ಹಾಕುವುದೇ ಒಂದು ಕಾಲಕ್ಕೆ ಅಲ್ಲಿ ಹಕ್ಕುಚ್ಯುತಿ. ಪತ್ರಿಕೆಯವರು ಉಪಾಯ ಹುಡುಕಿದರು. 1738ರಿಂದ ಒಂದು ಮಾಸಪತ್ರಿಕೆ ಸಂಸತ್ತಿನ ಚರ್ಚೆಗಳನ್ನು ಕಥೆಯಲ್ಲಿ ಬರುವ ಕಲ್ಪಿತ ‘ಲಿಲಿಪುಟ್ ದೇಶದ ಸೆನೆಟ್’ನಲ್ಲಿ ನಡೆದ ಚರ್ಚೆ ಎಂದು ಪ್ರಕಟಿಸತೊಡಗಿತು. ಹೆಸರುಗಳೂ ತಿರುಚಿದವು. ಓದುವವರಿಗೆ ಯಾರು ಯಾರೆಂದು ಗೊತ್ತೇ ಇತ್ತು!

1771ರಲ್ಲಿ ಸಂಸತ್ತು ಮುದ್ರಕರನ್ನು ಹಿಡಿಸಲು ಹೊರಟಿತು. ಲಂಡನ್ನಿನ ಮೇಯರ್ ಬ್ರಾಸ್ ಕ್ರಾಸ್ಬಿ ಮುದ್ರಕರ ಪರ ನಿಂತು ಟವರ್ ಸೆರೆಮನೆ ಸೇರಿದ. ಜನ ಅವನ ಕಡೆಗಿದ್ದರು. ಆಮೇಲೆ ಸಂಸತ್ತು ಈ ತಡೆಯನ್ನು ಸುಮ್ಮನೆ ಕೈಬಿಟ್ಟಿತು. 1803ರಲ್ಲಿ ವಿಲಿಯಂ ಕಾಬೆಟ್ ಚರ್ಚೆಗಳನ್ನು ಸಾಲಾಗಿ ಪ್ರಕಟಿಸಲು ತೊಡಗಿದ. ಸೈನಿಕರಿಗೆ ಛಡಿಯೇಟು ಕೊಟ್ಟದ್ದನ್ನು ಟೀಕಿಸಿ ಬರೆದದ್ದಕ್ಕೆ 1810ರಲ್ಲಿ ಜೈಲಿಗೆ ಹೋದ, ಸಾಲ ಬೆಳೆಯಿತು, ಪ್ರಕಟಣೆ ಅದನ್ನು ಮುದ್ರಿಸುತ್ತಿದ್ದ ಥಾಮಸ್ ಹ್ಯಾನ್ಸಾರ್ಡ್ ಕೈಗೆ ಹೋಯಿತು. ಆ ದಾಖಲೆಗೆ ಇವತ್ತಿಗೂ ಉಳಿದಿರುವುದು ಮುದ್ರಕನ ಹೆಸರೇ, ಹ್ಯಾನ್ಸಾರ್ಡ್. ಸಂಸತ್ತು ಅದನ್ನು ತನ್ನದೇ ಅಧಿಕೃತ ದಾಖಲೆಯಾಗಿ ವಹಿಸಿಕೊಂಡದ್ದು 1909ರಲ್ಲಿ. ಅಂದರೆ ಖಾಸಗಿ ವ್ಯವಹಾರ ಮೊದಲು, ಸರ್ಕಾರಿ ದಾಖಲೆ ಆಮೇಲೆ. ಈ ಕ್ರಮ ಪರೀಕ್ಷೆಯಲ್ಲಿ ಉಲ್ಟಾ ಮಾಡಿ ಕೇಳುವಂಥದ್ದು.

ಇನ್ನೊಂದು ಕವಲು ಸದಸ್ಯರ ಪರಿಚಯದ್ದು. 1832ರಲ್ಲಿ ಚುನಾವಣಾ ಸುಧಾರಣೆಯ ಕಾಯ್ದೆ ಬಂತು. ಅದೇ ವರ್ಷ ಚಾರ್ಲ್ಸ್ ಡಾಡ್ ಎಂಬ ಪತ್ರಕರ್ತ ಸದಸ್ಯರ ವಿವರಗಳ ಕೈಪಿಡಿ ತಂದ. ಅದರಿಂದ ಬೆಳೆದ ಡಾಡ್ಸ್ ಕೊನೆಗೆ ಕಂಪನಿಗಳಿಗೆ, ಸಂಘಟನೆಗಳಿಗೆ ರಾಜಕೀಯ ಮಾಹಿತಿ ಮಾರುವ ಸಂಸ್ಥೆಯಾಯಿತು. ಇಂಟರ್ನೆಟ್ ಕಾಲದಲ್ಲಿ ಅದೇ ದಾರಿಯಲ್ಲಿ ಬಂದದ್ದು ಡಿಹ್ಯಾವಿಲ್ಯಾಂಡ್, 1998ರಲ್ಲಿ. ಯಾವ ಮಸೂದೆ ಎಲ್ಲಿದೆ, ಯಾವ ಸಮಿತಿಯಲ್ಲಿ ಯಾರು ಏನೆಂದರು ಎಂದು ದಿನವೂ ನೋಡಿ ಗ್ರಾಹಕರಿಗೆ ತಿಳಿಸುವುದು ಇವರ ಕೆಲಸ. ಡಿಹ್ಯಾವಿಲ್ಯಾಂಡ್ ಕಟ್ಟಿದ ಆಡಂ ಅಫ್ರೀಯೆ 2005ರಲ್ಲಿ ತಾವೇ ವಿಂಡ್ಸರ್ ಕ್ಷೇತ್ರದ ಸಂಸದರಾದರು. ಇಲ್ಲಿ ನೆನಪಿಡಬೇಕಾದದ್ದು, ಈ ಮಾಹಿತಿ ಹಣ ಕೊಟ್ಟವರಿಗೆ.

ನಮ್ಮಲ್ಲಿ ಬೇರೆ ಕಥೆ

ಭಾರತದಲ್ಲಿ ಚರ್ಚೆಯ ದಾಖಲೆಯನ್ನು ಸದನದ ಸಚಿವಾಲಯವೇ ಪ್ರಕಟಿಸುತ್ತದೆ. ಸದನದ ಕಲಾಪ ವರದಿ ಮಾಡುವ ಪತ್ರಿಕೆಗಳಿಗೆ ರಕ್ಷಣೆ ಕೊಟ್ಟದ್ದು 1956ರ ಕಾಯ್ದೆ. ಫಿರೋಜ್ ಗಾಂಧಿ ಖಾಸಗಿ ಸದಸ್ಯರಾಗಿ (ಅಂದರೆ ಮಂತ್ರಿಯಲ್ಲದ ಸಂಸದರಾಗಿ) ಮಂಡಿಸಿ ಪಾಸು ಮಾಡಿಸಿದ ಮಸೂದೆ ಅದು. ತುರ್ತು ಪರಿಸ್ಥಿತಿಯಲ್ಲಿ ರದ್ದಾಯಿತು, 1977ರಲ್ಲಿ ಮರಳಿತು, 44ನೇ ತಿದ್ದುಪಡಿ ಅದನ್ನು 361ಎ ವಿಧಿಯಾಗಿ ಸಂವಿಧಾನದೊಳಗೇ ಕೂರಿಸಿತು. ಖಾಸಗಿ ಸದಸ್ಯರ ಮಸೂದೆ ಎಂದರೆ ಸುಮ್ನೆ ಕಾಟಾಚಾರ ಎನ್ನುವವರಿಗೆ ಈ ಉದಾಹರಣೆ ಕೊಡಿ.

ನಮ್ಮ ಸಂಸದರಿಗೆ ಇದ್ದ ಕೊರತೆ ದಾಖಲೆಯದ್ದಲ್ಲ, ಸಂಶೋಧನೆ ಮಾಡಿಕೊಡುವ ಸಹಾಯಕರದ್ದು. ನೂರು ಪುಟದ ಮಸೂದೆ ಬರುತ್ತದೆ, ಓದಿ ಹೇಳುವವರಿಲ್ಲ. ಪಿಆರ್‌ಎಸ್ (ಪಿಆರ್‌ಎಸ್ ಲೆಜಿಸ್ಲೇಟಿವ್ ರಿಸರ್ಚ್) ಹುಟ್ಟಿದ್ದು ಈ ಜಾಗದಲ್ಲಿ. 2005ರಲ್ಲಿ ದೆಹಲಿಯ ಸೆಂಟರ್ ಫಾರ್ ಪಾಲಿಸಿ ರಿಸರ್ಚ್ ಒಳಗೆ ಸಿ.ವಿ. ಮಧುಕರ್ ಮತ್ತು ಎಂ.ಆರ್. ಮಾಧವನ್ ಇದನ್ನು ಆರಂಭಿಸಿದರು. ಮುಂದೆ ಅದು ಲಾಭ ಹಂಚದ ಸ್ವತಂತ್ರ ಕಂಪನಿಯಾಯಿತು. ಮಸೂದೆಯ ಸಾರಾಂಶ, ಅದರಲ್ಲಿನ ಪ್ರಶ್ನಾರ್ಹ ಅಂಶ ಇವನ್ನು ಕೆಲವೇ ಪುಟಗಳಲ್ಲಿ ಬರೆದು ಎಲ್ಲ ಪಕ್ಷದವರಿಗೂ ಕೊಡುತ್ತದೆ. ಪಾಸು ಮಾಡಿ ಎಂದೂ ಬೇಡ ಎಂದೂ ಹೇಳುವುದಿಲ್ಲ. 2010ರಿಂದ ಯುವಕರನ್ನು ಒಬ್ಬೊಬ್ಬ ಸಂಸದರ ಜೊತೆ ಕೆಲಸಕ್ಕೆ ಹಚ್ಚುವ ಲ್ಯಾಂಪ್ ಫೆಲೋಶಿಪ್ ಕೂಡ ಇದೆ. ನಮ್ಮ ವಯಸ್ಸಿನವರಿಗೇ ಇರುವುದು, ಗಮನಿಸಿ.

ಎಡಿಆರ್ (ಅಸೋಸಿಯೇಷನ್ ಫಾರ್ ಡೆಮಾಕ್ರಟಿಕ್ ರಿಫಾರ್ಮ್ಸ್) ಜೊತೆ ಕಲಸಬೇಡಿ. ಅದು 1999ರದ್ದು, ಅಹಮದಾಬಾದ್ ಐಐಎಂ ಪ್ರಾಧ್ಯಾಪಕರದ್ದು, ಅಭ್ಯರ್ಥಿಯ ಪ್ರಮಾಣಪತ್ರ (ಅಫಿಡವಿಟ್) ನೋಡುವಂಥದ್ದು. ಎಡಿಆರ್ ಮುಖ್ಯವಾಗಿ ಚುನಾವಣೆಯ ಕಡೆಗೆ ನೋಡುತ್ತದೆ, ಪಿಆರ್‌ಎಸ್ ಸದನದೊಳಗೆ.

ಈಗ ಹಾಜರಿ

ಪಿಆರ್‌ಎಸ್‌ನಲ್ಲಿ ಸಂಸದರ ಪುಟ ತೆರೆದರೆ ಹಾಜರಿ, ಚರ್ಚೆ, ಪ್ರಶ್ನೆ, ಖಾಸಗಿ ಮಸೂದೆ ಕಾಣುತ್ತವೆ. ಮಂತ್ರಿಗಳ ಪುಟದಲ್ಲಿ ಹಾಜರಿಯ ಜಾಗದಲ್ಲಿ ಅಂಕಿ ಇರುವುದಿಲ್ಲ. ದಿನಾ ಟಿವಿಯಲ್ಲಿ ಸದನದ ಮುಂದಿನ ಸಾಲಿನಲ್ಲಿ ಕಾಣುವವರಿಗೇ ಹಾಜರಿ ಇಲ್ಲ! ಗುಂಪಿನಲ್ಲಿ ಅತಿ ಜಾಸ್ತಿ ವಾದ ನಡೆದದ್ದು ಇಲ್ಲಿ.

ಬಿಡಿಸಿಕೊಳ್ಳಲು ಒಂದೇ ಪ್ರಶ್ನೆ ಸಾಕು: ಆ ರಿಜಿಸ್ಟರ್ ಇರುವುದು ಯಾಕೆ? ಮತದಾರರಿಗೆ ತೋರಿಸಲಿಕ್ಕೆ ಅಲ್ಲ. ಸಂಸದರ ಸಂಬಳದ ಕಾಯ್ದೆ 1954ರದ್ದು. ಅಧಿವೇಶನದ ದಿನ ರಿಜಿಸ್ಟರಿಗೆ ಸಹಿ ಹಾಕಿದರೆ ಮಾತ್ರ ಆ ದಿನದ ಭತ್ಯೆ ಎಂದು ಅದು ಹೇಳುತ್ತದೆ. ಮಂತ್ರಿಗಳ ಸಂಬಳ, ಭತ್ಯೆ ಬರುವುದು 1952ರ ಬೇರೆ ಕಾಯ್ದೆಯಿಂದ. ಹಾಗಾಗಿ ಅವರು ಸಹಿ ಹಾಕಬೇಕಿಲ್ಲ. ಸ್ಪೀಕರ್ ಕೂಡ ಹಾಗೆಯೇ. ವಿರೋಧ ಪಕ್ಷದ ನಾಯಕರಿಗೆ 1977ರ ಪ್ರತ್ಯೇಕ ಕಾಯ್ದೆ ಇದೆ, ಅವರೂ ಸಹಿ ಹಾಕಬೇಕಿಲ್ಲ. ಅಡಿಕೆ ಕೊನೆ ಕೊಯ್ಲಿಗೆ ಬಂದ ಆಳುಗಳ ಲೆಕ್ಕದ ಪುಸ್ತಕದಲ್ಲಿ ತೋಟದ ಯಜಮಾನನ ಹೆಸರು ಇರುವುದಿಲ್ಲ. ಅವನು ಬೆಳಿಗ್ಗೆಯಿಂದ ಮರದ ಬುಡದಲ್ಲೇ ನಿಂತಿರಬಹುದು, ಆದರೆ ಅದು ಸಂಬಳದ ಪುಸ್ತಕ.

ಇದು ಹಿಡಿದರೆ ಉಳಿದದ್ದು ತಾನಾಗಿ ಬರುತ್ತದೆ. ಸಹಿ ಇದೆ ಎಂದರೆ ಆ ದಿನ ಬಂದಿದ್ದರು ಎಂದಷ್ಟೇ, ಇಡೀ ದಿನ ಕೂತಿದ್ದರು ಎಂದಲ್ಲ. ಸಹಿ ಇಲ್ಲ ಎಂದರೆ ಗೈರು ಎಂದೇ ಅಲ್ಲ, ಮಂತ್ರಿಯಾಗಿರಬಹುದು.

ಶೇಕಡಾ ಲೆಕ್ಕದಲ್ಲಿ ಎಡವುವುದು ನಡುವೆ ಮಂತ್ರಿಯಾದವರ ವಿಷಯದಲ್ಲಿ. ಒಂದು ಕಾಲ್ಪನಿಕ ಲೆಕ್ಕ: ಒಟ್ಟು 100 ದಿನ ಸದನ ನಡೆಯಿತು. ಒಬ್ಬರು 61ನೇ ದಿನದಿಂದ ಮಂತ್ರಿ. ಅದಕ್ಕೆ ಮೊದಲು 45 ದಿನ ಸಹಿ ಹಾಕಿದ್ದರು. ಹಾಜರಿ ಶೇ 45 ಅಲ್ಲ. ಭಾಗಿಸಬೇಕಾದದ್ದು 60ರಿಂದ, ಶೇ 75. ಮೇಲಿನ ಸಂಖ್ಯೆಯ ಮೇಲೆ ಎಲ್ಲರ ಕಣ್ಣಿರುತ್ತದೆ, ಮೋಸ ಇರುವುದು ಕೆಳಗಿನದರಲ್ಲಿ. ನಮ್ಮ ಕ್ಷೇತ್ರದ್ದೇ ಉದಾಹರಣೆ ಬೇಕೆಂದರೆ ಅನಂತಕುಮಾರ ಹೆಗಡೆಯವರು 2017ರ ಸೆಪ್ಟೆಂಬರ್‌ನಿಂದ 2019ರ ಮೇವರೆಗೆ ಕೇಂದ್ರದಲ್ಲಿ ರಾಜ್ಯ ಸಚಿವರಾಗಿದ್ದರು. ಆ ದಿನಗಳನ್ನು ಕೆಳಗಿನ ಸಂಖ್ಯೆಗೆ ಸೇರಿಸುವಂತಿಲ್ಲ. ಪ್ರಶ್ನೆಗೂ ಇದೇ ನಿಯಮ: ಮಂತ್ರಿ ಉತ್ತರ ಕೊಡುವವರು, ಕೇಳುವವರಲ್ಲ. ವಿಶ್ವೇಶ್ವರ ಹೆಗಡೆ ಕಾಗೇರಿಯವರು 2019ರಿಂದ 2023ರವರೆಗೆ ವಿಧಾನಸಭೆಯ ಅಧ್ಯಕ್ಷರು. ಪೀಠದಲ್ಲಿ ಕೂತವರು ಎಷ್ಟು ಪ್ರಶ್ನೆ ಕೇಳಿದರು ಎಂದು ಹುಡುಕುವುದರಲ್ಲಿ ಅರ್ಥವಿಲ್ಲ, ಅಲ್ವಾ? 2024ರಿಂದ ಅವರು ಲೋಕಸಭೆಯಲ್ಲಿದ್ದಾರೆ, ಅಲ್ಲಿನ ಲೆಕ್ಕ ಬೇರೆ.

60 ದಿನ ಅನುಮತಿ ಇಲ್ಲದೆ ಗೈರಾದರೆ ಸ್ಥಾನ ಖಾಲಿ ಎಂದು ಸದನ ಘೋಷಿಸಬಹುದು ಎನ್ನುವ 101(4)ನೇ ವಿಧಿಯನ್ನೂ ಇದರ ಪಕ್ಕದಲ್ಲೇ ಬರೆದುಕೊಳ್ಳಿ. ‘ಬಹುದು’ ಎನ್ನುವುದು ಮುಖ್ಯ.

ಮತದ ಕಾಲಂ ಯಾಕಿಲ್ಲ

ಬ್ರಿಟನ್ನಿನಲ್ಲಿ 2004ರಲ್ಲಿ ಬಂದ ‘ದೇ ವರ್ಕ್ ಫಾರ್ ಯೂ’ ತಾಣದಲ್ಲಿ ಸದಸ್ಯರು ಯಾವುದಕ್ಕೆ ಹೇಗೆ ಮತ ಹಾಕಿದರು ಎಂದು ಹೆಸರು ಸಮೇತ ಸಿಗುತ್ತದೆ. ನಮ್ಮಲ್ಲಿ ಬಹುತೇಕ ಮಸೂದೆ ಧ್ವನಿಮತದಲ್ಲಿ ಪಾಸಾಗುತ್ತದೆ, ಹೆಸರೇ ದಾಖಲಾಗುವುದಿಲ್ಲ. ಸಂವಿಧಾನ ತಿದ್ದುಪಡಿಗೆ ವಿಶೇಷ ಬಹುಮತ ಬೇಕಾದ್ದರಿಂದ ಎಣಿಸಲೇಬೇಕು. 2023ರ ಮಹಿಳಾ ಮೀಸಲಾತಿಗೆ ಲೋಕಸಭೆಯಲ್ಲಿ 454 ಪರ, 2 ವಿರುದ್ಧ ಎಂದು ಗೊತ್ತಾದದ್ದು ಹಾಗೆ. ಎಣಿಸಿದರೂ 1985ರ ಪಕ್ಷಾಂತರ ಕಾಯ್ದೆ ಇದೆ. ವಿಪ್ (ಹೀಗೇ ಮತ ಹಾಕಿ ಎನ್ನುವ ಪಕ್ಷದ ಆದೇಶ) ಮೀರಿದರೆ ಸ್ಥಾನ ಹೋಗಬಹುದು, ಹಾಗಾಗಿ ಮತದಿಂದ ಸದಸ್ಯರ ಸ್ವಂತ ಅಭಿಪ್ರಾಯ ತಿಳಿಯುವುದು ಕಷ್ಟ. ಉಳಿದದ್ದು ಹಾಜರಿ, ಚರ್ಚೆ, ಪ್ರಶ್ನೆ. ನನ್ನ ಪ್ರಕಾರ ಮೂರರಲ್ಲಿ ಪ್ರಶ್ನೆಗೇ ಬೆಲೆ ಜಾಸ್ತಿ. ಲಿಖಿತ ಉತ್ತರದಲ್ಲಿ ಸರ್ಕಾರದ ಅಂಕಿಅಂಶ ಇರುತ್ತದೆ.

ಅಭ್ಯಾಸಕ್ಕೆ ಲೋಕಸಭೆಯ ತಾಣದಲ್ಲಿ ಹುಬ್ಬಳ್ಳಿ-ಅಂಕೋಲಾ ರೈಲು, ಸೀಬರ್ಡ್ (ಕಾರವಾರದ ನೌಕಾನೆಲೆ), ಕೈಗಾ (ಅಣುವಿದ್ಯುತ್ ಸ್ಥಾವರ) ಎಂದು ಇಂಗ್ಲಿಷಿನಲ್ಲಿ ಹುಡುಕಿ. ಚುಕ್ಕೆ ಗುರುತಿನ ಪ್ರಶ್ನೆ (ಸದನದಲ್ಲಿ ಬಾಯಿಮಾತಿನ ಉತ್ತರ), ಚುಕ್ಕೆ ಇಲ್ಲದ್ದು (ಲಿಖಿತ ಉತ್ತರ) ಎರಡನ್ನೂ ಆರಿಸಿಕೊಳ್ಳಿ. ದಿನಕ್ಕೆ ಚುಕ್ಕೆಯವು 20 ಮಾತ್ರ, ಇಲ್ಲದವು 230ರವರೆಗೆ. ಹಳೆಯ ಸದಸ್ಯರನ್ನು, ಅಂದರೆ ಜೋಕಿಂ ಆಳ್ವ, ದಿನಕರ ದೇಸಾಯಿ, ಮಾರ್ಗರೆಟ್ ಆಳ್ವ ಇವರನ್ನು ಹುಡುಕುವಾಗ ಕ್ಷೇತ್ರದ ಹೆಸರು ಉತ್ತರ ಕನ್ನಡ ಎಂದು ಹಾಕಿದರೆ ಏನೂ ಬರುವುದಿಲ್ಲ. 2008ರ ಮರುವಿಂಗಡಣೆಗೆ ಮೊದಲು ಅದು ಕೆನರಾ. ಇಂಗ್ಲಿಷಿನಲ್ಲಿ ಮೊದಲ ಅಕ್ಷರ ‘ಕೆ’ ಹಾಕಿಯೂ ‘ಸಿ’ ಹಾಕಿಯೂ ಹುಡುಕಿ ನೋಡಿ.