ಟ್ರಾಕ್ಟರ್, ರಿಪೊ, ಪಾರ್ಟಿಜಾನ್: ಮೂರೂ ಒಂದೇ ಕ್ಲಬ್ಬಾ?

ಓದುಗರ ಪ್ರಶ್ನೆ: ಬೆಲಾರಸ್ ಫುಟ್ಬಾಲಿನ ಹಳೇ ಪಟ್ಟಿಗಳಲ್ಲಿ ಟ್ರಾಕ್ಟರ್ ಮಿನ್ಸ್ಕ್, ಎಂಟಿಝಡ್-ರಿಪೊ, ಪಾರ್ಟಿಜಾನ್ ಮಿನ್ಸ್ಕ್ ಅಂತ ಮೂರು ಹೆಸರು ಸಿಗುತ್ತವೆ. ಮೂರೂ ಒಂದೇ ಕ್ಲಬ್ಬಾ? ಹಾಗಿದ್ದರೆ ಎರಡು ಸಲ ದೇಶದ ಕಪ್ ಗೆದ್ದ ತಂಡ ಈಗ ಯಾಕೆ ಎಲ್ಲೂ ಕಾಣುವುದಿಲ್ಲ?

ಹೌದು, ಒಂದೇ ಕ್ಲಬ್ಬು. ಯಾರು ದುಡ್ಡು ಹಾಕುತ್ತಿದ್ದರೋ ಅವರಿಗೆ ತಕ್ಕ ಹಾಗೆ ಹೆಸರು ಬದಲಾಯಿತು. ಕೊನೆಗೆ ದುಡ್ಡೇ ನಿಂತಿತು, ಕ್ಲಬ್ಬೂ ನಿಂತಿತು.

ನಮ್ಮಲ್ಲಿ ಹಲವರಿಗೆ ಈ ಲೀಗಿನ ಪರಿಚಯ ಆಗಿದ್ದು 2020ರಲ್ಲಿ, ಅಲ್ವಾ? ಕೊರೊನಾ ಬಂದು ಯುರೋಪಿನ ಲೀಗುಗಳೆಲ್ಲ ಒಂದೊಂದಾಗಿ ನಿಂತಾಗ ಬೆಲಾರಸ್‌ನಲ್ಲಿ ಮಾತ್ರ ಆಟ ನಡೆಯುತ್ತಲೇ ಇತ್ತು. ಆಗ ಪ್ರಸಾರದ ಹಕ್ಕು ಮಾರಾಟವಾದ ದೇಶಗಳಲ್ಲಿ ಭಾರತವೂ ಇತ್ತು. ಅಲ್ಲಿನ ತಂಡಗಳ ಹೆಸರು ಬಿಡಿಸಿ ನೋಡಿದರೆ ಎಷ್ಟೋ ಕಡೆ ಒಳಗೊಂದು ಕಾರ್ಖಾನೆ ಇರುತ್ತದೆ. 2008ರಲ್ಲಿ ಚಾಂಪಿಯನ್ಸ್ ಲೀಗ್ ಗುಂಪು ಹಂತದಲ್ಲಿ ರಿಯಲ್ ಮ್ಯಾಡ್ರಿಡ್, ಯುವೆಂಟಸ್ ಎದುರು ಆಡಿದ ಬಾಟೆಯ ಹೆಸರು ಬಂದಿದ್ದು ಬೊರಿಸೊವ್ ಪಟ್ಟಣದ ಒಂದು ಕಾರ್ಖಾನೆಯಿಂದ. ಅಲ್ಲಿ ವಾಹನ ಮತ್ತು ಟ್ರಾಕ್ಟರುಗಳಿಗೆ ಬೇಕಾದ ಎಲೆಕ್ಟ್ರಿಕ್ ಸಾಮಾನು ತಯಾರಾಗುತ್ತದೆ. ಬೆಲ್ಶಿನಾ ಹೆಸರಿನಲ್ಲಿರುವ 'ಶಿನಾ' ಅಂದರೆ ಟೈರು. ಶಖ್ತ್ಯೋರ್ ಅಂದರೆ ಗಣಿ ಕೆಲಸಗಾರ. ಆ ತಂಡದ ಊರು ಸೊಲಿಗೊರ್ಸ್ಕ್, ಪೊಟ್ಯಾಶ್ ಗಣಿಗಳ ಊರು.

ನಮ್ಮ ಕ್ಲಬ್ಬಿನದೂ ಇದೇ ಕಥೆ. ಎಂಟಿಝಡ್ ಅಂದರೆ 'ಮಿನ್ಸ್ಕಿ ಟ್ರಾಕ್ಟರ್ನಿ ಝವೋದ್'. ಝವೋದ್ ಅಂದರೆ ಕಾರ್ಖಾನೆ. 'ಬೆಲಾರಸ್' ಹೆಸರಿನ ಟ್ರಾಕ್ಟರುಗಳನ್ನು ಮಾಡುವುದು ಇದೇ ಕಾರ್ಖಾನೆ. ಇದು ಶುರುವಾಗಿದ್ದು 1946ರಲ್ಲಿ, ಯುದ್ಧದಲ್ಲಿ ಮಿನ್ಸ್ಕ್ ನಗರ ಪುಡಿಪುಡಿಯಾದ ಮೇಲೆ. ಮರುವರ್ಷವೇ ಕಾರ್ಮಿಕರ ಫುಟ್ಬಾಲ್ ತಂಡ ಹುಟ್ಟಿತು. ಅದೇ ಟ್ರಾಕ್ಟರ್ ಮಿನ್ಸ್ಕ್. (ಟಾರ್ಪೆಡೊ ಮಿನ್ಸ್ಕ್ ಅಂತ ಇನ್ನೊಂದು ತಂಡವಿತ್ತು. ಅದು ಲಾರಿ ಕಾರ್ಖಾನೆಯದು, ಎರಡನ್ನೂ ಬೆರೆಸಬೇಡಿ.) ಸೋವಿಯತ್ ಕಾಲದಲ್ಲಿ ದೊಡ್ಡ ಹೆಸರು ಡೈನಮೊ ಮಿನ್ಸ್ಕ್‌ದು, 1982ರಲ್ಲಿ ಅದು ಸೋವಿಯತ್ ಚಾಂಪಿಯನ್ ಕೂಡ ಆಯಿತು. ಟ್ರಾಕ್ಟರ್ ಮಾತ್ರ ತನ್ನ ಬಡಾವಣೆಯ ತಂಡವಾಗಿಯೇ ಉಳಿಯಿತು. ದೇಶ ಸ್ವತಂತ್ರವಾದ ಮೇಲೂ ಅದರ ಜಾಗ ಕೆಳಗಿನ ಡಿವಿಜನ್ನುಗಳಲ್ಲೇ.

2002ರಲ್ಲಿ ಟ್ರಾಕ್ಟರ್ ಮತ್ತು ರಿಪೊ ತಂಡಗಳು ಒಂದಾದವು. ರಿಪೊ ಅಂದರೆ ವೃತ್ತಿ ಶಿಕ್ಷಣ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ. ಹೀಗೆ ಕಾರ್ಖಾನೆ ಮತ್ತು ಸಂಸ್ಥೆ ಎರಡೂ ಸೇರಿದ ಹೆಸರು ಬಂತು. ಆಮೇಲೆ ಲಿಥುವೇನಿಯಾದ ಉದ್ಯಮಿ ವ್ಲಾದಿಮಿರ್ ರೊಮಾನೊವ್ ಹಣ ಹಾಕಿದರು. ಸ್ಕಾಟ್ಲೆಂಡಿನ ಹಾರ್ಟ್ಸ್ ಕ್ಲಬ್ಬಿಗೂ ಆಗ ಅವರೇ ಒಡೆಯರಾಗಿದ್ದರು.

2004ರಲ್ಲಿ ಮೇಲಿನ ಡಿವಿಜನ್ನಿಗೆ ಬಂದ ತಂಡ ಮರುವರ್ಷವೇ ಬೆಲಾರಸ್ ಕಪ್ ಗೆದ್ದಿತು. ನನಗೆ ಈ ಕ್ಲಬ್ಬಿನ ಇತಿಹಾಸದಲ್ಲಿ ಜಾಸ್ತಿ ಇಷ್ಟವಾಗುವುದು ಈ ಫೈನಲ್ಲೇ. ಎದುರಿಗಿದ್ದದ್ದು ಬಾಟೆ. ಎಂಟಿಝಡ್-ರಿಪೊದ ಕೋಚ್ ಯೂರಿ ಪುಂತುಸ್. 1996ರಿಂದ ಬಾಟೆಯನ್ನು ಕೈಹಿಡಿದು ಬೆಳೆಸಿ ಚಾಂಪಿಯನ್ ಮಾಡಿದವರೂ ಇದೇ ಪುಂತುಸ್. ತಾವೇ ಕಟ್ಟಿದ ತಂಡವನ್ನು ಟ್ರಾಕ್ಟರ್ ಕಾರ್ಖಾನೆಯ ಹುಡುಗರನ್ನಿಟ್ಟುಕೊಂಡು ಸೋಲಿಸಿದರು! ಅದೇ ವರ್ಷ ಯುಯೆಫಾ ಕಪ್‌ನಲ್ಲಿ ಹಂಗೇರಿಯ ಫೆರೆಂಕ್ವಾರೋಸ್‌ನಂಥ ಹಳೇ ಹೆಸರುವಾಸಿ ತಂಡವನ್ನು ಹೊರಗೆ ಹಾಕಿದರು. ಲೀಗಿನಲ್ಲಿ ಮೂರನೇ ಸ್ಥಾನ ಬಂತು. 2008ರಲ್ಲಿ ಶಖ್ತ್ಯೋರ್ ವಿರುದ್ಧ ಮತ್ತೊಮ್ಮೆ ಕಪ್.

2010ರಲ್ಲಿ ಹೆಸರು ಪಾರ್ಟಿಜಾನ್ ಆಯಿತು. ಇದು ಸುಮ್ನೆ ಇಟ್ಟ ಹೆಸರಲ್ಲ. ಜರ್ಮನ್ನರ ವಿರುದ್ಧ ಕಾಡಿನಲ್ಲಿ ಅಡಗಿ ಹೋರಾಡಿದ ಪಾರ್ಟಿಜಾನರ ನೆನಪು ಬೆಲಾರಸ್‌ನಲ್ಲಿ ಮನೆಮನೆಗೂ ಇದೆ. ಟ್ರಾಕ್ಟರ್ ಕಾರ್ಖಾನೆ ಇರುವ ಜಿಲ್ಲೆಯ ಹೆಸರೂ ಪಾರ್ಟಿಜಾನ್ಸ್ಕಿ. ಈ ಕ್ಲಬ್ಬಿನ ಅಭಿಮಾನಿಗಳು ಫ್ಯಾಸಿಸಂ ಮತ್ತು ಜನಾಂಗದ್ವೇಷದ ವಿರುದ್ಧ ಗಟ್ಟಿಯಾಗಿ ನಿಂತವರು. ಪೂರ್ವ ಯುರೋಪಿನ ಗ್ಯಾಲರಿಗಳಲ್ಲಿ ಅದಕ್ಕೆ ಧೈರ್ಯ ಬೇಕಿತ್ತು. ಗೆದ್ದ ಕಪ್‌ಗಳಿಗಿಂತ ಇದಕ್ಕೇ ಈ ಕ್ಲಬ್ಬನ್ನು ನೆನಪಿಡಬೇಕು ಅಂತ ನನಗೆ ಅನ್ನಿಸುತ್ತದೆ.

ಆದರೆ ಹೊಸ ಹೆಸರಿನ ಮೊದಲ ವರ್ಷವೇ ತಂಡ ಕೆಳಗಿನ ಡಿವಿಜನ್ನಿಗೆ ಬಿತ್ತು. 2011ರಲ್ಲಿ ಆಡಿ ಗೆದ್ದು ಮೇಲೆ ಬರುವ ಹಕ್ಕು ಪಡೆಯಿತು. ಅಷ್ಟರಲ್ಲಿ ರೊಮಾನೊವ್ ಅವರ ಹಣ ನಿಂತುಹೋಗಿತ್ತು. ಬೇರೆ ಯಾರೂ ಮುಂದೆ ಬರಲಿಲ್ಲ. 2012ರ ಪಟ್ಟಿ ತೆಗೆದು ಎಣಿಸಿ ನೋಡಿ, ಮೇಲಿನ ಡಿವಿಜನ್ನಿನಲ್ಲಿ ಇರುವುದು 12ರ ಬದಲು 11 ತಂಡ. ಆ ಖಾಲಿ ಜಾಗ ಪಾರ್ಟಿಜಾನ್‌ನದು.

ಅಭಿಮಾನಿಗಳು ಸುಮ್ಮನೆ ಕೂರಲಿಲ್ಲ. ತಾವೇ ಸೇರಿ ತಂಡ ಕಟ್ಟಿ ಕೆಳಗಿನ ಹಂತದಿಂದ ಮತ್ತೆ ಶುರು ಮಾಡಿದರು. ಅದೂ ಹೆಚ್ಚು ಕಾಲ ಬಾಳಲಿಲ್ಲ. ಅದೇ ಒಡೆಯನ ಹಾರ್ಟ್ಸ್ ಕೂಡ 2013ರಲ್ಲಿ ದಿವಾಳಿ ಅಂಚಿಗೆ ಬಂತು. ಆದರೆ ಅಲ್ಲಿ ಸಾವಿರಾರು ಅಭಿಮಾನಿಗಳು ತಿಂಗಳು ತಿಂಗಳು ಹಣ ಕೊಟ್ಟು ಕ್ಲಬ್ಬನ್ನು ಉಳಿಸಿಕೊಂಡರು, 2021ರಲ್ಲಿ ಒಡೆತನವೂ ಅವರ ಕೈಗೆ ಬಂತು. ಮಿನ್ಸ್ಕ್‌ನ ಅಭಿಮಾನಿಗಳಿಗೆ ಮನಸ್ಸು ಅಷ್ಟೇ ಇತ್ತು, ಹಾಗೆ ಕೈಹಿಡಿಯುವ ಜನ ಮತ್ತು ದುಡ್ಡು ಇರಲಿಲ್ಲ.

ಇನ್ನು ಹಳೇ ಪಟ್ಟಿ ನೋಡುವಾಗ ಹೀಗೆ ಹುಡುಕಿ: 2002ರಿಂದ 2009ರವರೆಗೆ, ಎರಡೂ ಕಪ್ ಸೇರಿ, ಎಂಟಿಝಡ್-ರಿಪೊ. 2010 ಮತ್ತು 2011 ಪಾರ್ಟಿಜಾನ್. 2002ಕ್ಕಿಂತ ಹಿಂದಿನದಕ್ಕೆ ಟ್ರಾಕ್ಟರ್.