ಓದುಗರ ಪ್ರಶ್ನೆ: ಡಿವಿಡಿಗೆ ರೆಂಡರ್ ಮಾಡುವಾಗ ವಿಬಿಆರ್ ಕೇಳುವ ಮೂರು ಸಂಖ್ಯೆಗಳು

ಪ್ರಶ್ನೆ: ಎರಡು ಗಂಟೆಯ ನೃತ್ಯ ಕಾರ್ಯಕ್ರಮದ ವಿಡಿಯೊವನ್ನು ಒಂದು ಡಿವಿಡಿಗೆ ಹಾಕಬೇಕಾಗಿದೆ. ರೆಂಡರ್ ಸೆಟ್ಟಿಂಗ್‌ನಲ್ಲಿ ವಿಬಿಆರ್ (ದೃಶ್ಯಕ್ಕೆ ತಕ್ಕಂತೆ ಬದಲಾಗುವ ಬಿಟ್ ರೇಟ್) ಆರಿಸಿಕೊಂಡರೆ ಗರಿಷ್ಠ, ಸರಾಸರಿ, ಕನಿಷ್ಠ ಎಂದು ಮೂರು ಬಿಟ್ ರೇಟ್‌ಗಳನ್ನು, ಅಂದರೆ ಸೆಕೆಂಡಿಗೆ ಎಷ್ಟು ಬಿಟ್ ಬಳಸಬೇಕೆಂಬುದನ್ನು, ಕೇಳುತ್ತದೆ. ಗರಿಷ್ಠವನ್ನು 9.8 ಎಂಬಿಪಿಎಸ್‌ಗೆ (ಸೆಕೆಂಡಿಗೆ ಮೆಗಾಬಿಟ್) ಏರಿಸಿದರೂ ಚಿತ್ರ ಸುಧಾರಿಸಲಿಲ್ಲ. ಯಾವುದಕ್ಕೆ ಎಷ್ಟು ಕೊಡಬೇಕು?

ಉತ್ತರ: ಈ ಮೂರರಲ್ಲಿ ನೀವು ಕೂತು ಲೆಕ್ಕ ಹಾಕಬೇಕಾದದ್ದು ಸರಾಸರಿಯೊಂದನ್ನೇ, ಏಕೆಂದರೆ ಫೈಲಿನ ಗಾತ್ರವನ್ನು ನಿರ್ಧರಿಸುವುದು ಅದು. ಗರಿಷ್ಠವನ್ನು ಏರಿಸಿದ ಮಾತ್ರಕ್ಕೆ ವಿಡಿಯೊವನ್ನು ಕುಗ್ಗಿಸಿ ಬರೆಯುವ ಎನ್‌ಕೋಡರಿನ ಕೈಗೆ ಹೆಚ್ಚು ಬಿಟ್‌ಗಳು ಬರುವುದಿಲ್ಲ. ಇರುವ ಬಿಟ್‌ಗಳನ್ನೇ ಕಷ್ಟದ ದೃಶ್ಯವೊಂದರಲ್ಲಿ ಇನ್ನಷ್ಟು ಧಾರಾಳವಾಗಿ ಖರ್ಚು ಮಾಡಲು ಅದಕ್ಕೆ ಅನುಮತಿ ಸಿಗುತ್ತದೆ, ಅಷ್ಟೆ.

ಒಂದು ಪದರದ ಡಿವಿಡಿಯಲ್ಲಿ 4.7 ಜಿಬಿ, ಅಂದರೆ 470 ಕೋಟಿ ಬೈಟ್‌ಗಳಷ್ಟು ಜಾಗವಿರುತ್ತದೆ. (ಕಂಪ್ಯೂಟರು ಇದನ್ನೇ 4.37 ಎಂದು ತೋರಿಸಬಹುದು. ಅದು ಎಣಿಸುವ ಕ್ರಮದ ವ್ಯತ್ಯಾಸವೇ ಹೊರತು ಡಿಸ್ಕಿನ ದೋಷವಲ್ಲ.) ಬಿಟ್‌ಗಳಲ್ಲಿ ಹೇಳುವುದಾದರೆ ಇದು 37,600 ಮೆಗಾಬಿಟ್. ಎರಡು ಗಂಟೆಯ 7,200 ಸೆಕೆಂಡುಗಳಿಂದ ಭಾಗಿಸಿದರೆ ಸೆಕೆಂಡಿಗೆ ಸುಮಾರು 5.2 ಮೆಗಾಬಿಟ್ ಸಿಗುತ್ತದೆ. ಧ್ವನಿಯೂ ಇದರಲ್ಲೇ ಅಡಗಬೇಕು: 192 ಕೆಬಿಪಿಎಸ್‌ನ (ಸೆಕೆಂಡಿಗೆ ಕಿಲೋಬಿಟ್) ಎಸಿ-3 ಎಂಬ ಕುಗ್ಗಿಸಿದ ಧ್ವನಿಗೆ 0.2 ಕಳೆದು, ಮೆನು ಮತ್ತಿತರ ಬಾಬ್ತುಗಳಿಗೆ ಸ್ವಲ್ಪ ಉಳಿಸಿಕೊಂಡರೆ, ವಿಡಿಯೊದ ಸರಾಸರಿಯನ್ನು 4.8 ಎಂದು ಇಡಬಹುದು. ಧ್ವನಿಯನ್ನು ಕುಗ್ಗಿಸದ ಪಿಸಿಎಂ ರೂಪದಲ್ಲೇ ಬಿಟ್ಟರೆ ಅದೊಂದೇ 1.5 ಮೆಗಾಬಿಟ್ ನುಂಗುವುದರಿಂದ ಚಿತ್ರಕ್ಕೆ ಮೂರೂವರೆಯಷ್ಟೂ ಉಳಿಯುವುದು ಕಷ್ಟ. ಚಿತ್ರ ಸರಿಯಿಲ್ಲವೆಂದು ದೂರುವ ಅನೇಕರು ಧ್ವನಿಯ ಸೆಟ್ಟಿಂಗನ್ನು ತೆರೆದೇ ನೋಡಿರುವುದಿಲ್ಲ.

ಇನ್ನು ಈ ಸರಾಸರಿ ಹೇಗೆ ಹಂಚಿಕೆಯಾಗುತ್ತದೆ ಎಂಬುದನ್ನು ನಿಮ್ಮ ಕಾರ್ಯಕ್ರಮದಲ್ಲೇ ನೋಡೋಣ. ಡಿವಿಡಿ ಬಳಸುವ ಎಂಪೆಗ್-2 ವಿಧಾನವು ಆಗಾಗ ಒಂದು ಫ್ರೇಮನ್ನು ಪೂರ್ತಿಯಾಗಿ ಬರೆದಿಟ್ಟು, ನಡುವಿನ ಫ್ರೇಮ್‌ಗಳಲ್ಲಿ ಬದಲಾದದ್ದನ್ನಷ್ಟೇ ದಾಖಲಿಸುತ್ತದೆ. ಟ್ರೈಪಾಡಿನ ಮೇಲೆ ನಿಂತ ಕ್ಯಾಮೆರಾ ಕಪ್ಪು ಪರದೆಯ ಮುಂದಿನ ಒಬ್ಬಳೇ ನರ್ತಕಿಯನ್ನು ತೋರಿಸುತ್ತಿರುವಾಗ ಪರದೆಯ ಬಗ್ಗೆ ಹೊಸದಾಗಿ ಹೇಳಬೇಕಾದದ್ದು ಏನೂ ಇರುವುದಿಲ್ಲ. ಅಲ್ಲಿ ಎರಡು ಮೂರು ಮೆಗಾಬಿಟ್ ಸಾಕಾದೀತು. ಮರುಕ್ಷಣ ಇಡೀ ತಂಡ ರಂಗಕ್ಕೆ ನುಗ್ಗಿ, ಬಣ್ಣದ ದೀಪಗಳು ಮಿನುಗಿ, ಮೇಲಿನಿಂದ ಹೊಳೆಯುವ ಕಾಗದದ ಚೂರುಗಳು ಉದುರತೊಡಗಿದರೆ, ಹಿಂದಿನ ಫ್ರೇಮಿನಿಂದ ಎತ್ತಿಕೊಳ್ಳಬಹುದಾದ ಭಾಗ ಬಹುತೇಕ ಇಲ್ಲವಾಗುತ್ತದೆ. ಉದ್ದಕ್ಕೂ ಒಂದೇ ಬಿಟ್ ರೇಟ್ ಬಳಸುವ ಸಿಬಿಆರ್‌ನಲ್ಲಿ ಈ ಎರಡೂ ದೃಶ್ಯಗಳಿಗೆ ಸಮಪಾಲು ಸಿಗುವುದರಿಂದ, ಎರಡನೆಯದರಲ್ಲಿ ತಿರುಗುವ ಲಂಗದ ಅಂಚಿನ ಸುತ್ತ ಪುಟ್ಟ ಚೌಕಗಳು ಎದ್ದು ಕಾಣುತ್ತವೆ. ವಿಬಿಆರ್ ಮೊದಲನೆಯದರಲ್ಲಿ ಉಳಿಸಿದ್ದನ್ನು ಎರಡನೆಯದಕ್ಕೆ ಸುರಿಯುತ್ತದೆ. ಒಂದು ದೃಶ್ಯ ಕರಗಿ ಇನ್ನೊಂದು ಮೂಡುವ ಡಿಸಾಲ್ವ್‌ಗಳೂ ಹೀಗೆಯೇ ಬಿಟ್‌ಗಳನ್ನು ತಿನ್ನುತ್ತವೆ. ಮಂದ ಬೆಳಕಿನಲ್ಲಿ ಕ್ಯಾಮೆರಾದ ಗೇನ್ (ಚಿತ್ರದ ಸಂಕೇತದ ವರ್ಧನೆ) ಏರಿಸಿ ಚಿತ್ರೀಕರಿಸಿದ ದೃಶ್ಯ ಇನ್ನೂ ಮೋಸದ್ದು: ನಮ್ಮ ಕಣ್ಣಿಗೆ ಅದು ನಿಶ್ಚಲ, ಆದರೆ ಅದರಲ್ಲಿ ಕುದಿಯುವ ನಾಯ್ಸ್, ಅಂದರೆ ಸಣ್ಣ ಚುಕ್ಕೆಗಳ ಗೊಂದಲ, ಎನ್‌ಕೋಡರಿನ ಪಾಲಿಗೆ ಪ್ರತಿ ಫ್ರೇಮಿನಲ್ಲೂ ಹೊಸ ವಿವರವೇ. ಅಂಥ ಭಾಗಗಳಲ್ಲಿ ನಾಯ್ಸ್ ತಗ್ಗಿಸಿಕೊಂಡು ರೆಂಡರ್ ಮಾಡುವುದು ಯಾವ ಸಂಖ್ಯೆಯನ್ನು ತಿದ್ದುವುದಕ್ಕಿಂತಲೂ ಹೆಚ್ಚು ಫಲ ಕೊಡುತ್ತದೆ.

ಗರಿಷ್ಠದ ವಿಷಯದಲ್ಲಿ ಡಿವಿಡಿ ನಿಯಮವು ವಿಡಿಯೊಗೆ 9.8, ಧ್ವನಿ ಮತ್ತು ಸಬ್‌ಟೈಟಲ್ ಸೇರಿದ ಒಟ್ಟು ಮೊತ್ತಕ್ಕೆ 10.08 ಎಂಬಿಪಿಎಸ್ ಮಿತಿ ಹಾಕಿದೆ. ಹಾಗಾಗಿ 9.8ರ ವಿಡಿಯೊ ಜೊತೆಗೆ ಪಿಸಿಎಂ ಧ್ವನಿಗೆ ಜಾಗವೇ ಇಲ್ಲ. ಅಲ್ಲದೆ ನಾವು ಬರ್ನ್ ಮಾಡುವ ಡಿಸ್ಕ್, ಕಾರ್ಖಾನೆಯಲ್ಲಿ ಅಚ್ಚೊತ್ತಿದ ಡಿಸ್ಕಿನಷ್ಟು ಚೆನ್ನಾಗಿ ಬೆಳಕನ್ನು ಪ್ರತಿಫಲಿಸುವುದಿಲ್ಲ. ಹಳೆಯ ಪ್ಲೇಯರುಗಳು ಇಂಥ ಡಿಸ್ಕಿನಲ್ಲಿ ಬಿಟ್ ರೇಟ್ ಅತಿ ಹೆಚ್ಚಿರುವ ಭಾಗಗಳಲ್ಲಿ ತಡವರಿಸಿ ನಿಲ್ಲುವುದುಂಟು. 8 ಎಂದು ಕೊಟ್ಟರೆ ಕಣ್ಣಿಗೆ ನಷ್ಟ ತಿಳಿಯದು, ಪ್ಲೇಯರಿಗೂ ಸಲೀಸು. ಕನಿಷ್ಠಕ್ಕೆ 2 ಅಥವಾ ಅದಕ್ಕೂ ಕಡಿಮೆ ಸಾಕು. ಅದನ್ನು ಸರಾಸರಿಯ ಹತ್ತಿರಕ್ಕೆ ತಂದರೆ ಸುಲಭದ ದೃಶ್ಯಗಳಿಂದ ಉಳಿತಾಯವೇ ಆಗುವುದಿಲ್ಲ.

ಟೂ-ಪಾಸ್ ಆಯ್ಕೆ ಇದ್ದರೆ ಅದನ್ನೇ ಆರಿಸಿ. ಮೊದಲ ಸುತ್ತಿನಲ್ಲಿ ಎನ್‌ಕೋಡರ್ ಇಡೀ ವಿಡಿಯೊವನ್ನು ಓದಿ ಎಲ್ಲೆಲ್ಲಿ ಕಷ್ಟವಿದೆ ಎಂದು ಗುರುತಿಸಿಕೊಂಡು, ಎರಡನೆಯ ಸುತ್ತಿನಲ್ಲಿ ಅದರಂತೆ ಹಂಚುತ್ತದೆ. ಒಂದೇ ಸುತ್ತಿನಲ್ಲಾದರೆ ಕೊನೆಯ ಗುಂಪು ನೃತ್ಯಕ್ಕೆ ಎಷ್ಟು ಬೇಕಾದೀತೆಂದು ಅದಕ್ಕೆ ಮೊದಲೇ ತಿಳಿದಿರುವುದಿಲ್ಲ. ಸಮಯ ಹೆಚ್ಚುಕಡಿಮೆ ಇಮ್ಮಡಿ ಹಿಡಿಯುತ್ತದೆ, ಆದರೆ ನಿಮ್ಮಂಥ ಎರಡು ಗಂಟೆಯ ಕೆಲಸಕ್ಕೆ ಅದು ಸಾರ್ಥಕ.

ಒಂದು ಗಂಟೆಯೊಳಗಿನ ಕಾರ್ಯಕ್ರಮಕ್ಕೆ ಮಾತ್ರ ಇಷ್ಟೆಲ್ಲ ಬೇಕಿಲ್ಲ. ಅಲ್ಲಿ ಡಿಸ್ಕಿನ ಜಾಗ ಸೆಕೆಂಡಿಗೆ 10 ಮೆಗಾಬಿಟ್‌ಗಿಂತ ಹೆಚ್ಚಿಗೇ ಬರುವುದರಿಂದ, 8ರ ಸಿಬಿಆರ್ ಕೊಟ್ಟು ಸುಮ್ಮನಾಗಬಹುದು. ಮೂರು ಗಂಟೆಯಾದರೆ ಒಟ್ಟು ಲೆಕ್ಕ 3.5ಕ್ಕೆ ಇಳಿಯುತ್ತದೆ, ಅಷ್ಟರಲ್ಲಿ ಗುಂಪು ನೃತ್ಯವನ್ನು ಚೆನ್ನಾಗಿ ತೋರಿಸುವುದು ವಿಬಿಆರ್‌ನಿಂದಲೂ ಆಗದ ಕೆಲಸ. ಆಗ 8.5 ಜಿಬಿಯ ಎರಡು ಪದರದ ಡಿಸ್ಕನ್ನು ಬಳಸಿ, ಇಲ್ಲವೇ ಕಾರ್ಯಕ್ರಮವನ್ನು ಮಧ್ಯಂತರದಲ್ಲಿ ಕತ್ತರಿಸಿ ಎರಡು ಡಿಸ್ಕುಗಳಿಗೆ ಹಂಚಿ.