ಕಿವಿಯ ಹಿತ್ತಲ ಬಾಗಿಲು

ರಾತ್ರಿ ಎರಡು ಗಂಟೆ. ಮೂರು ದಿನದಿಂದ ನೆಗಡಿಯಲ್ಲಿದ್ದ ಅಕ್ಕನ ಹತ್ತು ತಿಂಗಳ ಮಗಳು ಕಿಟಾರನೆ ಕಿರುಚಿ ಎದ್ದಳು. ಹಾಲಿಗೆ ಬಾಯಿ ಹಾಕಿದಳು, ಎರಡು ಗುಟುಕು ಚೀಪಿ ಬಿಟ್ಟಳು, ಮತ್ತೆ ಅಳು. ಮಲಗಿಸಿದರೆ ಅಳು ಜಾಸ್ತಿ, ಹೆಗಲಿಗೆ ಹಾಕಿಕೊಂಡರೆ ಸ್ವಲ್ಪ ಕಡಿಮೆ. ಅಷ್ಟರಲ್ಲಿ ಅಮ್ಮ ಅಡುಗೆಮನೆಯಲ್ಲಿ ಬೆಳ್ಳುಳ್ಳಿ ಜಜ್ಜಿ ಕೊಬ್ಬರಿ ಎಣ್ಣೆಗೆ ಹಾಕಿ ಕಾಯಿಸುತ್ತಿದ್ದರು. "ನಿನ್ನೆ ನೀರು ಹಾಕುವಾಗ ಕಿವಿಗೆ ನೀರು ಹೋಗಿದೆ, ನಾನು ನೋಡ್ತಾನೇ ಇದ್ದೆ" ಅನ್ನುವುದು ಅವರ ವಾದ. ನೀರು ಹಾಕಿದ್ದು ಅಕ್ಕನ ಅತ್ತೆ. ಹಾಗಾಗಿ ವಿಷಯ ಸ್ವಲ್ಪ ಸೂಕ್ಷ್ಮವಾಗಿತ್ತು.

ಅತ್ತೆಯವರ ತಪ್ಪೇನೂ ಇರಲಿಲ್ಲ. ಹೊರಗೆ ಕಾಣುವ ಕಿವಿಯ ತೂತು ಒಂದು ಕುರುಡು ಓಣಿ. ಅದರ ಕೊನೆಯಲ್ಲಿ ಕಿವಿತಮಟೆ ಇರುತ್ತದೆ. ಸುಮಾರು ಒಂದು ಸೆಂಟಿಮೀಟರ್ ಅಗಲದ, ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು ದಪ್ಪದ ಪೊರೆ. ಅದು ಹರಿದಿಲ್ಲದಿದ್ದರೆ ಸ್ನಾನದ ನೀರು ಒಳಗೆ ದಾಟುವುದಿಲ್ಲ. ಬೆಳ್ಳುಳ್ಳಿ ಎಣ್ಣೆಯೂ ದಾಟುವುದಿಲ್ಲ. ಪುಟ್ಟ ಮಕ್ಕಳ ಕಿವಿನೋವು ಹೆಚ್ಚಾಗಿ ಹುಟ್ಟುವುದು ತಮಟೆಯ ಆಚೆ, ನಡುಗಿವಿಯಲ್ಲಿ.

ನಡುಗಿವಿ ಅಂದರೆ ಗಾಳಿ ತುಂಬಿದ ಒಂದು ಪುಟಾಣಿ ಕೋಣೆ. ದೇಹದ ಅತಿ ಚಿಕ್ಕ ಮೂರು ಮೂಳೆಗಳು ಅಲ್ಲಿವೆ. ಆ ಕೋಣೆಗೆ ಒಂದು ಹಿತ್ತಲ ಬಾಗಿಲಿದೆ: ಮೂಗಿನ ಹಿಂಭಾಗಕ್ಕೆ ತೆರೆದುಕೊಳ್ಳುವ ಸಣ್ಣ ನಳಿಗೆ. 16ನೇ ಶತಮಾನದ ಇಟಲಿಯ ವೈದ್ಯ ಬಾರ್ತೊಲೊಮಿಯೊ ಯೂಸ್ಟಾಕಿಯ ನೆನಪಿಗೆ ಅದನ್ನು ಯೂಸ್ಟೇಷಿಯನ್ ನಾಳ ಅನ್ನುತ್ತಾರೆ. ಆಗುಂಬೆಯಲ್ಲೋ ಚಾರ್ಮಾಡಿಯಲ್ಲೋ ಬಸ್ಸು ಘಾಟಿ ಇಳಿಯುವಾಗ ಕಿವಿ ಗುಂಯ್ ಅಂತ ಕಟ್ಟಿಕೊಳ್ಳುತ್ತದಲ್ಲ, ಎಂಜಲು ನುಂಗಿದರೆ ಟಪ್ ಅಂತ ಬಿಡುತ್ತದಲ್ಲ, ಆ ಟಪ್ ಸದ್ದು ಈ ಬಾಗಿಲು ತೆರೆದದ್ದು. ಸಾಮಾನ್ಯವಾಗಿ ಅದು ಮುಚ್ಚಿಕೊಂಡೇ ಇರುತ್ತದೆ. ನುಂಗಿದಾಗ, ಆಕಳಿಸಿದಾಗ ಅಂಗುಳಿನ ಸ್ನಾಯು ಎಳೆದು ಒಂದು ಕ್ಷಣ ತೆರೆಯುತ್ತದೆ. ಒಳಗೆ ಹೊಸ ಗಾಳಿ ಹೋಗುತ್ತದೆ.

ದೊಡ್ಡವರಲ್ಲಿ ಈ ನಾಳ ಸುಮಾರು 36 ಮಿಲಿಮೀಟರ್ ಉದ್ದ, 45 ಡಿಗ್ರಿ ಇಳಿಜಾರು. ಎಳೆ ಮಗುವಿನಲ್ಲಿ ಅದರ ಅರ್ಧದಷ್ಟೇ ಉದ್ದ, ಇಳಿಜಾರು ಬರೀ 10 ಡಿಗ್ರಿ. ಮೇಸ್ತ್ರಿ ವಾಟ ಕೊಡದೆ ಹಾಕಿದ ಬಚ್ಚಲ ಪೈಪು ನೆನಪಿಸಿಕೊಳ್ಳಿ. ನೀರು ಹರಿದುಹೋಗದೆ ಅಲ್ಲೇ ನಿಲ್ಲುತ್ತದೆ, ಅಲ್ವಾ? ಮಕ್ಕಳ ಕಿವಿಯದೂ ಅದೇ ಕಥೆ. ಜೊತೆಗೆ ನಾಳದ ಗೋಡೆ ಮೆತ್ತಗೆ, ತೆರೆಯುವ ಸ್ನಾಯು ಇನ್ನೂ ಪಳಗಿಲ್ಲ. ಸೀಳಂಗುಳಿನ ಮಕ್ಕಳಲ್ಲಿ ಈ ಸ್ನಾಯುವಿನ ಜೋಡಣೆಯೇ ಸರಿ ಇರುವುದಿಲ್ಲ. ಅದಕ್ಕೇ ಅವರಲ್ಲಿ ಹೆಚ್ಚುಕಡಿಮೆ ಎಲ್ಲರಿಗೂ ಕಿವಿಯಲ್ಲಿ ನೀರು ನಿಲ್ಲುತ್ತದೆ.

ನೆಗಡಿ ಬಂದಾಗ ನಾಳದ ಬಾಯಿ ಊದಿಕೊಂಡು ಮುಚ್ಚಿಹೋಗುತ್ತದೆ. ಒಳಗಿದ್ದ ಗಾಳಿಯನ್ನು ಕೋಣೆಯ ಒಳಪೊರೆ ನಿಧಾನವಾಗಿ ಹೀರಿಕೊಳ್ಳುತ್ತದೆ, ಹೊಸ ಗಾಳಿ ಬರುವುದಿಲ್ಲ. ಒತ್ತಡ ಇಳಿದಾಗ ಮೂಗಿನ ಹಿಂದಿದ್ದ ಸಿಂಬಳ, ಅದರ ಜೊತೆ ಬ್ಯಾಕ್ಟೀರಿಯಾ ಒಳಕ್ಕೆ ಸೆಳೆದುಕೊಳ್ಳುತ್ತವೆ. ಕೀವು ಕಟ್ಟುತ್ತದೆ, ತಮಟೆ ಹೊರಕ್ಕೆ ಉಬ್ಬುತ್ತದೆ. ಮಲಗಿದರೆ ಆ ಭಾಗದಲ್ಲಿ ರಕ್ತ ತುಂಬಿ ನೋವು ಹೆಚ್ಚುತ್ತದೆ. ಚೀಪಿ ನುಂಗುವಾಗ ಒತ್ತಡ ಬದಲಾಗಿ ಕಿವಿಯೊಳಗೆ ಚುಚ್ಚುತ್ತದೆ. ಎರಡು ಗುಟುಕಿಗೇ ಹಾಲು ಬಿಟ್ಟಿದ್ದು ಅದಕ್ಕೇ. ಕಿವಿ ಎಳೆದುಕೊಳ್ಳುವುದೊಂದನ್ನೇ ನೋಡಿ ತೀರ್ಮಾನಿಸಬೇಡಿ, ನಿದ್ದೆ ಬಂದಾಗಲೂ ಸುಮ್ನೆ ಎಳೆದುಕೊಳ್ಳುವ ಮಕ್ಕಳಿದ್ದಾರೆ.

ಬೆಳಗ್ಗೆ ಡಾಕ್ಟರು ಸಣ್ಣ ಕ್ಯಾಮರಾ ಇಟ್ಟು ಪರದೆಯ ಮೇಲೆ ತೋರಿಸಿದರು. ಚೆನ್ನಾಗಿದ್ದ ಕಿವಿಯ ತಮಟೆ ಈರುಳ್ಳಿಯ ಒಳಪೊರೆಯ ಹಾಗೆ ತೆಳ್ಳಗೆ ಹೊಳೆಯುತ್ತಿತ್ತು. ಇನ್ನೊಂದು ಕೆಂಪಗೆ, ಪೂರಿಯ ಹಾಗೆ ಉಬ್ಬಿತ್ತು. ಅಮ್ಮ ಕೂಡ ನೋಡಿದರು. ಏನೂ ಹೇಳಲಿಲ್ಲ.

ಇದು ಅಪರೂಪದ ಕಾಯಿಲೆಯಲ್ಲ. ಅಮೆರಿಕದ ಬಾಸ್ಟನ್ನಿನಲ್ಲಿ ಮಕ್ಕಳನ್ನು ಹುಟ್ಟಿನಿಂದ ಗಮನಿಸಿ 1989ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೂರು ವರ್ಷ ತುಂಬುವಷ್ಟರಲ್ಲಿ ನೂರಕ್ಕೆ 80ಕ್ಕಿಂತ ಹೆಚ್ಚು ಮಕ್ಕಳಿಗೆ ಒಮ್ಮೆಯಾದರೂ ಹೀಗಾಗಿತ್ತು. ಆರು ತಿಂಗಳಿನಿಂದ ಎರಡು ವರ್ಷದವರೆಗೆ ಕಾಟ ಜಾಸ್ತಿ. ನಾಳ ಉದ್ದವಾಗಿ ಓರೆಯಾದಂತೆ, ಏಳು ವರ್ಷದ ಹೊತ್ತಿಗೆ, ಬಹುತೇಕ ನಿಂತುಹೋಗುತ್ತದೆ.

ನಮಗೆ ಸಿಕ್ಕಿದ್ದು ತೂಕಕ್ಕೆ ತಕ್ಕ ಪ್ಯಾರಾಸಿಟಮಾಲ್ ಮತ್ತು "ಎರಡು ದಿನ ನೋಡೋಣ" ಅನ್ನುವ ಮಾತು. ಅಕ್ಕನಿಗೆ ಸಮಾಧಾನವಾಗಲಿಲ್ಲ, ಆಂಟಿಬಯಾಟಿಕ್ ಬರೆಯದ ಡಾಕ್ಟರ ಮೇಲೆ ಯಾರಿಗೆ ನಂಬಿಕೆ ಬರುತ್ತದೆ! ಆದರೆ ಜ್ವರ ಅಷ್ಟೇನೂ ಇರಲಿಲ್ಲ, ಒಂದೇ ಕಿವಿ, ಔಷಧಿಗೆ ನೋವು ತಗ್ಗಿತ್ತು. ಇಂಥ ಹೆಚ್ಚಿನ ಮಕ್ಕಳು ತಾವಾಗಿಯೇ ಸುಧಾರಿಸಿಕೊಳ್ಳುತ್ತಾರೆ. ಆರು ತಿಂಗಳೊಳಗಿನ ಕೂಸು, ಎರಡು ವರ್ಷದೊಳಗೆ ಎರಡೂ ಕಿವಿಗೆ ಸೋಂಕು, ಜೋರು ಜ್ವರ, ಕೀವು ಸೋರುವುದು: ಆಗ ಕಾಯುವುದಿಲ್ಲ, ಸಾಮಾನ್ಯವಾಗಿ ಅಮಾಕ್ಸಿಸಿಲಿನ್ ಕೊಡುತ್ತಾರೆ. ಕಿವಿಯ ಹಿಂದೆ ಊದಿ ಕಿವಿ ಮುಂದಕ್ಕೆ ಚಾಚಿಕೊಂಡರೆ ಆಗಿಂದಾಗಲೇ ಆಸ್ಪತ್ರೆಗೆ ಓಡಬೇಕು. ಸೋಂಕು ಹಿಂದಿನ ಮೂಳೆಗೆ ಇಳಿದಿದೆ ಅಂತ ಅರ್ಥ.

ಕೆಲವೊಮ್ಮೆ ತಮಟೆ ಒಡೆದು ಕೀವು ಹೊರಬರುತ್ತದೆ. ದಿಂಬಿನ ಮೇಲೆ ಹಳದಿ ಕಲೆ, ಮಗು ಮಾತ್ರ ಆರಾಮಾಗಿ ಆಡುತ್ತಿರುತ್ತದೆ, ಯಾಕಂದರೆ ಒತ್ತಡ ಇಳಿಯಿತು. ಆ ತೂತು ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ಕೂಡಿಕೊಳ್ಳುತ್ತದೆ. ಆದರೆ ಇಂಥ ಕಿವಿಗೆ ಎಣ್ಣೆ ಬಿಟ್ಟರೆ ಅದು ನೇರವಾಗಿ ಒಳಕೋಣೆಗೇ ಹೋಗುತ್ತದೆ. ತಮಟೆ ಒಡೆದಿದೆಯೋ ಇಲ್ಲವೋ ಅಂತ ಹೊರಗಿನಿಂದ ಕಾಣುವುದಿಲ್ಲವಲ್ಲ. ಎಣ್ಣೆಗೆ ನನ್ನ ತಕರಾರು ಇಷ್ಟೇ. ಎರಡು ವಾರ ದಾಟಿಯೂ ಸೋರುತ್ತಿದ್ದರೆ "ಬೆಳೆದ ಮೇಲೆ ಸರಿಹೋಗತ್ತೆ" ಅಂತ ಹತ್ತಿ ತುರುಕಿ ಶಾಲೆಗೆ ಕಳಿಸುವುದು ದೊಡ್ಡ ತಪ್ಪು. ನಮ್ಮ ದೇಶದಲ್ಲಿ ಎಷ್ಟೋ ಮಕ್ಕಳ ಕಿವಿ ಮಂದವಾಗುವುದು ಹೀಗೆಯೇ.

ಇನ್ನೊಂದು ಬಗೆ ಇದಕ್ಕಿಂತ ಕಳ್ಳ. ಸೋಂಕು ಹೋದರೂ ಅಂಟಿನಂಥ ನೀರು ಒಳಗೇ ಉಳಿಯುತ್ತದೆ. ನೋವಿಲ್ಲ, ಜ್ವರವಿಲ್ಲ. ಕರೆದರೆ ತಿರುಗುವುದಿಲ್ಲ, ಟಿವಿ ಸದ್ದು ಜೋರು ಮಾಡುತ್ತಾರೆ. ಕಿವಿಗೆ ಬೆರಳಿಟ್ಟುಕೊಂಡು ಮಾತು ಕೇಳಿ ನೋಡಿ, ಆ ಮಕ್ಕಳಿಗೆ ದಿನವಿಡೀ ಹೆಚ್ಚುಕಡಿಮೆ ಹಾಗೆ ಕೇಳುತ್ತದೆ. ಮನೆಯಲ್ಲಿ "ಹಠಮಾರಿ" ಅನ್ನುತ್ತಾರೆ, ಶಾಲೆಯಲ್ಲಿ "ಗಮನವಿಲ್ಲ". ಹೆಚ್ಚಿನವರಲ್ಲಿ ಮೂರು ತಿಂಗಳೊಳಗೆ ನೀರು ಆರಿಹೋಗುತ್ತದೆ. ಆರದೆ ಕೇಳುವುದು ಕಡಿಮೆಯಾಗಿದ್ದರೆ ತಮಟೆಯಲ್ಲಿ ಗ್ರಾಮೆಟ್ ಅನ್ನುವ ಪುಟ್ಟ ಕೊಳವೆ ಕೂರಿಸುತ್ತಾರೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂಥ ಕಡೆ ಕಿವಿಗೆ ಮೆಲ್ಲಗೆ ಗಾಳಿಯ ಒತ್ತಡ ಕೊಟ್ಟು ತಮಟೆ ಎಷ್ಟು ಅಲುಗುತ್ತದೆ ಅಂತ ಅಳೆಯುತ್ತಾರೆ. ಮಗು ಬಾಯಿಬಿಟ್ಟು ಉತ್ತರ ಹೇಳಬೇಕಾಗಿಲ್ಲ.

ತಡೆಯಲು ಸ್ವಲ್ಪ ದಾರಿಗಳಿವೆ. ಎದೆಹಾಲು, ತಲೆ ಎತ್ತರಿಸಿ ಬಾಟಲಿ ಕೊಡುವುದು, ಮನೆಯೊಳಗೆ ಬೀಡಿ ಸಿಗರೇಟು ಬೇಡ. 2021ರಿಂದ ದೇಶದ ಎಲ್ಲ ಕಡೆ 6 ವಾರ, 14 ವಾರ, 9 ತಿಂಗಳಿಗೆ ಉಚಿತವಾಗಿ ಹಾಕುವ ನ್ಯುಮೋಕಾಕಲ್ ಲಸಿಕೆ ಮುಖ್ಯವಾಗಿ ನ್ಯುಮೋನಿಯಾಕ್ಕೆ ಬಂದದ್ದು, ಕಿವಿಗೂ ಅಷ್ಟಿಷ್ಟು ಕಾವಲು.

ಮೂರು ತಿಂಗಳ ನಂತರ ಮತ್ತೆ ತೋರಿಸಿದಾಗ ನಮ್ಮ ಹುಡುಗಿಯ ಎರಡೂ ತಮಟೆ ಹೊಳೆಯುತ್ತಿದ್ದವು. ಅಮ್ಮನಿಗೆ ನಾಳ, ಇಳಿಜಾರು ಎಲ್ಲ ಮತ್ತೊಮ್ಮೆ ವಿವರಿಸಿದೆ. ಪೂರ್ತಿ ಕೇಳಿಸಿಕೊಂಡರು. ಮನೆಗೆ ಬಂದ ಮೇಲೆ ಬಚ್ಚಲುಮನೆಯಿಂದ ಅವರ ದನಿ ಕೇಳಿಸಿತು: "ಅದೆಲ್ಲ ಸರಿ ಬೀಗರೇ, ಆದರೂ ತಲೆಗೆ ನೀರು ಹಾಕುವಾಗ ಕಿವಿಗೊಂದು ಕೈ ಅಡ್ಡ ಇಟ್ಕೊಳ್ಳಿ."